11 ದಿನ ಸುಮ್ಮನಿದ್ದ ತಪ್ಪು

ಮಳೆಗಾಲದ ಒಂದು ರಾತ್ರಿ, ಎಂಟೂವರೆ ಇರಬೇಕು. ಪಕ್ಕದ ತಾಲೂಕಿನಿಂದ ಸುದ್ದಿ ಕಳಿಸುವ ಹುಡುಗ ಫೋನ್ ಮಾಡಿದ. "ಅಣ್ಣಾ, ಫೋಟೋ ಹೋಗ್ತಾನೇ ಇಲ್ಲ." ಗೋಡೆ ಕುಸಿದ ಮನೆ, ಮುಂದೆ ನಿಂತ ಅಜ್ಜಿ. ವಾಟ್ಸಾಪಿಗೆ ಹಾಕು ಅನ್ನುವಷ್ಟರಲ್ಲಿ ಅವನ ನೆಟ್‌ವರ್ಕೂ ಹೋಯಿತು.

ನಾನು ಸುದ್ದಿ ಕೊಡುವ ಪತ್ರಿಕೆಯ ಜಿಲ್ಲಾ ಕಚೇರಿಯಲ್ಲಿ ಫೋಟೋ ಬಂದು ಬೀಳುವುದಕ್ಕೆ ಒಂದು ಹಳೇ ಕಂಪ್ಯೂಟರ್ ಇದೆ. ಅದರಲ್ಲಿ ಎಂಜಿನ್‌ಎಕ್ಸ್ ಎಂಬ ಸರ್ವಿಸ್ ಹಗಲೂ ರಾತ್ರಿ ಓಡುತ್ತಿರುತ್ತದೆ. ಡಿಪ್ಲೊಮಾದಲ್ಲಿ ಒಂದಿಷ್ಟು ಕಂಪ್ಯೂಟರ್ ಕಲಿತ ತಪ್ಪಿಗೆ ಅದರ ಉಸ್ತುವಾರಿ ನನ್ನದು. ಅವತ್ತು ಕರೆಂಟ್ ಹೋಗಿ, ಯುಪಿಎಸ್ ಖಾಲಿಯಾಗಿ, ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಎದ್ದಿತ್ತು. ಸರ್ವಿಸ್ ಎದ್ದಿರಲಿಲ್ಲ.

ಕಾರಣ ನಾನೇ, ಅದೂ 11 ದಿನ ಹಿಂದಿನದು. ದೊಡ್ಡ ಫೋಟೋ ಹಿಡಿಸಲಿ ಅಂತ ಸೆಟ್ಟಿಂಗ್ ಫೈಲಿನಲ್ಲಿ 10 ಎಂಬಿ ಇದ್ದದ್ದನ್ನು 20 ಮಾಡಿದ್ದೆ. ತಿದ್ದುವಾಗ ಸಾಲಿನ ಕೊನೆಯ ಸೆಮಿಕೋಲನ್ ಅಳಿಸಿಹೋಗಿತ್ತು. ಅಷ್ಟರಲ್ಲಿ ಯಾವುದೋ ಅಪಘಾತದ ಫೋನ್ ಬಂತು, ಹಾಗೇ ಎದ್ದು ಹೋದೆ.

ಈ ಸರ್ವಿಸ್ ಶುರುವಾಗುವಾಗ ಫೈಲ್ ಓದಿಕೊಳ್ಳುತ್ತದೆ. ಆಮೇಲೆ ತಿದ್ದಿದ್ದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ, ನಾವು ಹೇಳಬೇಕು. ಬಸ್ಸು ಹೊರಟ ಮೇಲೆ ಸ್ಟ್ಯಾಂಡಿನಲ್ಲಿ ವೇಳಾಪಟ್ಟಿ ಬದಲಿಸಿದ ಹಾಗೆ. ಆ ಟ್ರಿಪ್ ಹಳೇ ಪ್ರಕಾರವೇ. ಅದಕ್ಕೇ 11 ದಿನ ಎಲ್ಲ ಸರಿಯಿತ್ತು. ತಿದ್ದಿದ ಕೂಡಲೇ ರೀಲೋಡ್ ಕೊಟ್ಟಿದ್ದರೆ ತಪ್ಪು ನನ್ನೆದುರೇ ಕಾಣುತ್ತಿತ್ತು, ಸರ್ವಿಸ್ ಹಳೇ ಸೆಟ್ಟಿಂಗಿನಲ್ಲೇ ಓಡಿಕೊಂಡಿರುತ್ತಿತ್ತು.

ಸೆಮಿಕೋಲನ್ ಹುಡುಕಿ ಹಾಕುವಷ್ಟರಲ್ಲಿ ಪುಟ ಅಚ್ಚಿಗೆ ಹೋಗಿತ್ತು. ಅಜ್ಜಿ ಬೆಳಿಗ್ಗೆ ಪಕ್ಕದ ಮನೆ ಹುಡುಗನ ಕೈಲಿ ಪೇಪರ್ ತರಿಸಿ ಹಾಳೆ ಹಾಳೆ ನೋಡಿದರಂತೆ. ಎರಡು ದಿನ ಬಿಟ್ಟು ಫೋಟೋ ಬಂತು, ಒಳಪುಟದಲ್ಲಿ, ಅಂಗೈಯಷ್ಟು.

ಈಗ ಒಂದು ಪುಟ್ಟ ಸ್ಕ್ರಿಪ್ಟ್ ಹಾಕಿದ್ದೇನೆ. ಫೈಲ್ ತಿದ್ದಿದ ಸಮಯವನ್ನೂ ಸರ್ವಿಸ್ ಶುರುವಾದ ಸಮಯವನ್ನೂ ಹೋಲಿಸುತ್ತದೆ. ಫೈಲೇ ಹೊಸದಾಗಿದ್ದರೆ ಬೆಳಿಗ್ಗೆ ಕೆಂಪು ಸಾಲು: "ರೀಸ್ಟಾರ್ಟ್ ಬಾಕಿ". ತಾನೇ ರೀಸ್ಟಾರ್ಟ್ ಮಾಡುವಂತೆ ಬರೆಯಬಹುದಿತ್ತು, ಬೇಕೆಂದೇ ಬರೆಯಲಿಲ್ಲ. ಸಂಜೆ ಏಳರಿಂದ ಹತ್ತರವರೆಗೆ ಫೋಟೋಗಳು ಬರುತ್ತಿರುತ್ತವೆ. ಅರ್ಧ ಬಂದದ್ದು ಕಡಿದುಹೋದರೆ ಬೈಗುಳ ಯಾರಿಗೆ? ನಿಮ್ಮ ಫೋನೂ ಅಪ್‌ಡೇಟ್ ಆದಮೇಲೆ "ಈಗಲೋ, ಆಮೇಲೋ" ಅಂತ ಕೇಳುತ್ತದಲ್ಲ, ಹಾಗೆ. ಹೊತ್ತು ನಾವು ಆರಿಸಬೇಕು.

ನಿನ್ನೆ ಒಂದು ಕೆಂಪು ಸಾಲು ಇತ್ತು. ಮಧ್ಯಾಹ್ನ ಎರಡಕ್ಕೆ ಫೈಲ್ ಪರೀಕ್ಷೆ ಮಾಡಿ ರೀಸ್ಟಾರ್ಟ್ ಕೊಟ್ಟೆ. ತಿದ್ದಿದವನು ನಾನೇ. ಮರೆತೇ ಹೋಗಿತ್ತು.