ನೊಗದ ಮಾತು

ಪೊಳ್ಳಾಚಿಯ ದನದ ಸಂತೆಗೆ ಹೋದಾಗಲೆಲ್ಲ ನಮ್ಮ ತಂದೆಯವರು ಎತ್ತಿನ ಕೊಂಬಿಗಿಂತ ಜೊತೆಯನ್ನು ನೋಡುತ್ತಿದ್ದರು. ಎಡದೆತ್ತು ಎಳೆದುದು ಬಲದೆತ್ತಿನ ಹೆಗಲಿಗೆ ತಾನಾಗಿ ತಿಳಿಯಬೇಕು. ಅದನ್ನು ಅವರು 'ನೊಗದ ಮಾತು' ಎನ್ನುತ್ತಿದ್ದರು.

ಆ ಮಾತು ವಿಮಾನದ ವಿಚಾರದಲ್ಲಿ ನಮಗೆ ಮತ್ತೆ ನೆನಪಾಯಿತೆಂದರೆ ಓದುಗರು ನಕ್ಕಾರು. ಬೆಂಗಳೂರಿನಲ್ಲಿ ವಿಮಾನೋಪಕರಣಗಳ ಕೆಲಸದಲ್ಲಿರುವ ನಮ್ಮ ಸೋದರಳಿಯನು ಹಬ್ಬಕ್ಕೆ ಬಂದಿದ್ದಾಗ, ಉದ್ಯಮಪತಿಗಳು ಏರುವ ದೊಡ್ಡ ಜೆಟ್ ವಿಮಾನವೊಂದರ ಚಾಲಕಕೋಣೆಯ ಚಿತ್ರ ತೋರಿಸಿದನು. 2018ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಗಲ್ಫ್‌ಸ್ಟ್ರೀಮ್ ಜಿ500 ಅದು. ಗಡಿಯಾರದಂಥ ಮುಳ್ಳುಗಳ ಸಾಲು ಮಾಯವಾಗಿ, ಗುಂಡಿಗಳ ಬಹುಪಾಲು ಕೆಲಸವನ್ನು ಹತ್ತು ಸ್ಪರ್ಶಪರದೆಗಳು ವಹಿಸಿಕೊಂಡಿವೆ. ಮಂಜು ಕವಿದಾಗ ಅತಿಗೆಂಪು ಕ್ಯಾಮರಾ ಕಂಡುದನ್ನು ಚಾಲಕನ ಕಣ್ಣೆದುರಿನ ಗಾಜಿನ ಮೇಲೆ ಮೂಡಿಸುವ ಏರ್ಪಾಟೂ ಉಂಟು.

"ಚುಕ್ಕಾಣಿ ಎಲ್ಲಪ್ಪಾ?" ಎಂದೆವು.

"ಅದಕ್ಕೆ ಇಂಗ್ಲಿಷಿನಲ್ಲಿ ಯೋಕ್ ಎನ್ನುತ್ತಾರೆ ಮಾವ, ಎಂದರೆ ನೊಗ" ಎಂದು ಅವನು ವಿವರಿಸಿದನು. ಹಳೆಯ ವಿಮಾನಗಳಲ್ಲಿ ಇಬ್ಬರು ಚಾಲಕರ ಚುಕ್ಕಾಣಿಗಳೂ ಒಂದಕ್ಕೊಂದು ಬೆಸೆದಿದ್ದವು. 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320ರಲ್ಲಿ ಆ ಬೆಸುಗೆ ಇಲ್ಲ. ಪಕ್ಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಹಿಡಿ. ಒಬ್ಬರು ಎಳೆದರೆ ಇನ್ನೊಬ್ಬರದು ಅಲುಗದು. ಎಂಜಿನ್ನಿನ ಶಕ್ತಿಯನ್ನು ಗಣಕವೇ ಏರಿಳಿಸುವಾಗ ಅದರ ಸನ್ನೆಯೂ ನಿಂತಲ್ಲೇ ನಿಲ್ಲುವುದು. ಕೈಗೆ ತಿಳಿಯುತ್ತಿದ್ದುದನ್ನು ಇನ್ನು ಕಣ್ಣು ಪರದೆಯಲ್ಲಿ ಓದಬೇಕು.

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಅಂಥದೊಂದು ಹೊಸ ವಿಮಾನ, ಬೆಂಗಳೂರಿನ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. 146 ಮಂದಿಯಲ್ಲಿ 92 ಮಂದಿ ಅಸುನೀಗಿದರು. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲೇ ಉಳಿದು ವೇಗ ಕುಗ್ಗುತ್ತಿದ್ದುದನ್ನು ಚಾಲಕರು ತಡವಾಗಿ ಅರಿತರೆಂದು ತನಿಖೆಯಿಂದ ತಿಳಿಯಿತು. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸಿನ ಏರ್‌ಬಸ್ ವಿಮಾನದಲ್ಲಿ 228 ಮಂದಿ ಮಡಿದರು. ಅಲ್ಲಿ ಒಬ್ಬರು ಹಿಡಿಯನ್ನು ಎಳೆಯುತ್ತಿದ್ದುದು ಜೊತೆಯವರ ಕೈಗೆ ತಿಳಿಯುವಂತಿರಲಿಲ್ಲ.

"ತಪ್ಪೆಲ್ಲ ಹಿಡಿಯದೇ ಎನ್ನಲಾಗದು ಮಾವ. ಅವೇ ವಿಮಾನಗಳು ದಿನವೂ ಲಕ್ಷಾಂತರ ಜನರನ್ನು ಕ್ಷೇಮವಾಗಿ ಇಳಿಸುತ್ತಿವೆ" ಎಂದನು ಹುಡುಗ. ನ್ಯಾಯವಾದ ಮಾತೇ. ಆದರೂ ಜಿ500ನ್ನು ರೂಪಿಸಿದವರು ಪಕ್ಕದ ಹಿಡಿಗಳನ್ನು ಉಳಿಸಿಕೊಂಡೇ ಅವುಗಳೊಳಗೆ ಮೋಟಾರುಗಳನ್ನಿಟ್ಟರು; ಒಂದು ಅಲುಗಿದರೆ ಮತ್ತೊಂದೂ ಜೊತೆಗೇ ಅಲುಗುವುದು. ತಂತಿಯಲ್ಲಿ ಹರಿಯುವ ವಿದ್ಯುತ್ತು ಮತ್ತೆ ನೊಗವಾಯಿತು.

ನಮ್ಮ ಅಟ್ಟದ ಮೇಲೆ ತಂದೆಯವರ ಗಾಡಿಯ ನೊಗ ಇನ್ನೂ ಇದೆ. ಸೌದೆಗೆ ಹಾಕಬೇಕೆಂದಿದ್ದೆವು. ಆ ಸಂಜೆ ಅಳಿಯನು ಒಂದು ತುದಿ, ನಾವು ಒಂದು ತುದಿ ಹಿಡಿದು ಕೆಳಗಿಳಿಸಿದೆವು. ಅವನ ಕಾಲು ಏಣಿಯಲ್ಲಿ ತುಸು ತಡವರಿಸಿದ್ದು ನಮ್ಮ ಕೈಗೆ ಮೊದಲು ತಿಳಿಯಿತು, ನಾವು ನಿಂತೆವು. ಈಗ ಅದು ಜಗುಲಿಯ ಗೋಡೆಯ ಮೇಲಿದೆ.