ದಮ್ಮು

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ "ದಮ್ಮಿದ್ರ ಬಾರಲೇ" ಎಂದು ತೊಡೆ ತಟ್ಟುವವನಿಗೆ ದಮ್ಮು ಅಂದರೆ ಎದೆಗಾರಿಕೆ. ನನ್ನಂಥವನಿಗೆ ಅದು ರೋಗ, ಅಸ್ತಮಾ. "ಯವ್ವಾ, ದಮ್ಮ ಹತ್ತೇತಿ" ಅಂದರೆ ಸಾಕು, ಅವ್ವ ಎದ್ದು ಶುಂಠಿ ಕಷಾಯಕ್ಕೆ ನೀರಿಡುತ್ತಿದ್ದಳು.

ಅದು ಬರುತ್ತಿದ್ದುದು ನಸುಕಿನ ಮೂರಕ್ಕೆ. ಮಂಚದ ಅಂಚಿಗೆ ಕೂತು, ಎರಡೂ ಅಂಗೈ ಮೊಣಕಾಲಿಗೆ ಊರಿ, ಹೆಗಲೆತ್ತಿ ಎಳೆದುಕೊಳ್ಳುತ್ತಿದ್ದೆ. ಪ್ರತಿ ಉಸಿರಿಗೂ ಕೊರಳ ಬುಡದ ಕುಳಿ ಒಳಗೆ ಜಗ್ಗುತ್ತಿತ್ತಂತೆ. ನೋಡಲಾಗದೆ ಅಪ್ಪ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ. ಉಳಿದವರೆಲ್ಲ ಬೆನ್ನು ತಿಕ್ಕುತ್ತ, "ಉಸಿರು ಜೋರ್ ತಗೋ."

ತಗೊಳ್ಳಲಿಕ್ಕೆ ಜಾಗ ಎಲ್ಲಿದೆ? ಅಸ್ತಮಾದಲ್ಲಿ ಶ್ವಾಸನಾಳದ ಸ್ನಾಯು ಬಿಗಿದು, ಒಳಪದರ ಬಾತು, ಕಫ ತುಂಬಿ ದಾರಿ ಕಿರಿದಾಗುತ್ತದೆ. ಎಳೆದುಕೊಂಡ ಗಾಳಿ ಹೇಗೋ ಒಳಗೆ ಹೋಗುತ್ತದೆ. ಬಿಡುವಾಗ ದಾರಿ ಇನ್ನೂ ಇಕ್ಕಟ್ಟು. ಹಳೇ ಗಾಳಿ ಹೊರಬೀಳುವ ಮೊದಲೇ ಹೊಸದಕ್ಕೆ ಹಪಹಪಿ, ಎದೆ ಉಬ್ಬಿಕೊಂಡೇ ಉಳಿಯುತ್ತದೆ. ಉಬ್ಬಸ ಎಂಬ ಪದದಲ್ಲಿ ನನಗೆ ಆ ಉಬ್ಬೇ ಕೇಳಿಸುತ್ತದೆ, ಪಂಡಿತರು ಏನಾದರೂ ಅನ್ನಲಿ. ಎದೆಗೂ ಹೊಟ್ಟೆಗೂ ನಡುವೆ ಡಬ್ಬ ಹಾಕಿದ ಬುಟ್ಟಿಯ ಹಾಗಿರಬೇಕಾದ ವಪೆ ಚಪ್ಪಟೆಯಾಗಿ ಜಗ್ಗುವ ಬಲ ಕಳೆದುಕೊಳ್ಳುತ್ತದೆ. ಅದರ ಪಾಲಿನ ಕೆಲಸಕ್ಕೆ ಕೊರಳಿನ, ಪಕ್ಕೆಲುಬಿನ ಸ್ನಾಯುಗಳು ಆಳಾಗಿ ಬರುತ್ತವೆ. ತಾನಾಗಿ ಹೊರಬೀಳಬೇಕಾದ ಉಸಿರನ್ನು ಹೊಟ್ಟೆ ಬಿಗಿದು ನೂಕಬೇಕು. ಮರುದಿನ ಜೋಳದ ರಾಶಿ ಮಾಡಿ ಬಂದವನ ಹಾಗೆ ನನ್ನ ಪಕ್ಕೆ ನೋಯುತ್ತಿದ್ದುದು ಇದಕ್ಕೇ.

ದಮ್ಮು ಕೆಣಕುವುದಕ್ಕೆ ನಮ್ಮಲ್ಲಿ ಏನು ಕಡಿಮೆ? ಅಗೆದ ರಸ್ತೆಯ ಧೂಳು, ಖಾಲಿ ಸೈಟಿನ ಕಾಂಗ್ರೆಸ್ ಕಸ, ಬ್ಯಾಡಗಿ ಮೆಣಸಿನಕಾಯಿ ಕುಟ್ಟುವಾಗಿನ ಘಾಟು.

ಒಂದು ಮೃಗಶಿರಾ ಮಳೆಗೆ ನನ್ನನ್ನು ಹೈದರಾಬಾದಿಗೂ ಒಯ್ದಿದ್ದರು. ಅಲ್ಲಿ ದಮ್ಮಿನವರಿಗೆ ಜೀವಂತ ಮೀನಿನ ಬಾಯಲ್ಲಿ ಹಳದಿ ಮದ್ದಿಟ್ಟು ನುಂಗಿಸುತ್ತಾರೆ. ನಮ್ಮದು ಮೀನು-ಮಾಂಸ ಮುಟ್ಟದ ಮನೆ; ಅಂಥವರಿಗೆ ಬೆಲ್ಲದಲ್ಲಿಟ್ಟು ಕೊಡುತ್ತಾರೆ. ಬೆಲ್ಲ ರುಚಿಯಾಗಿತ್ತು.

ಇನ್‌ಹೇಲರ್ ಎಂಬ ಪಂಪ್ ಮಾತ್ರ ಮನೆಗೆ ಬರಲಿಲ್ಲ. "ಚಟಾ ಬೀಳ್ತದ" ಎಂದು ಓಣಿಯೆಲ್ಲ ಹೆದರಿಸಿತ್ತು. ಚಟವೂ ಇಲ್ಲ, ಮಣ್ಣೂ ಇಲ್ಲ. ಸಾಲ್ಬುಟಮಾಲ್ ಕೆಲವೇ ನಿಮಿಷಗಳಲ್ಲಿ ಬಿಗಿದ ನಾಳ ಸಡಿಲಿಸುತ್ತದೆ. ದಿನವೂ ಎಳೆದುಕೊಳ್ಳುವ ಸ್ಟಿರಾಯ್ಡ್ ಪಂಪ್ ಒಳಗಿನ ಬಾವು ಇಳಿಸುತ್ತದೆ. ನಾನು ಅದನ್ನು ಕೈಗೆತ್ತಿಕೊಂಡದ್ದು ಮೀಸೆ ಬೆಳ್ಳಗಾಗುವ ಹೊತ್ತಿಗೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ದಮ್ಮು ಹತ್ತಿದರೆ "ಜೋರ್ ತಗೋ" ಅನ್ನಬೇಡಿರಿ. ನೆಟ್ಟಗೆ ಕೂಡಿಸಿ, ಡಾಕ್ಟರು ಬರೆದುಕೊಟ್ಟ, ನಾಳ ಸಡಿಲಿಸುವ ಪಂಪ್ ಕೈಗೆ ಕೊಡಿರಿ. ಅದಕ್ಕೂ ಬಗ್ಗದಿದ್ದರೆ, ಇಲ್ಲವೇ ಒಂದು ಮಾತು ಪೂರಾ ಆಡಲಿಕ್ಕೂ ಆಗದಿದ್ದರೆ, ಕಷಾಯ ಒಲೆಯ ಮೇಲೇ ಇರಲಿ, ದವಾಖಾನೆಗೆ ನಡೀರಿ.