ಜೋರ ನೂಕಪ ಅಂದಿದ್ದು ನಾನ

ಅಕ್ಕಾರ, ತಂಗ್ಯಾರ, ಈ ಸಲ ಅಡುಗಿ ಸುದ್ದಿ ಅಲ್ಲ, ಗರಗಸದ ಸುದ್ದಿ. ನಗಬ್ಯಾಡ್ರಿ, ಪೂರ್ತಿ ಓದ್ರಿ.

ನಮ್ಮತ್ತಿಯಾರು ಹಚ್ಚಿದ ಬೇವಿನ ಗಿಡ ಎರಡು ವರ್ಷದ ಹಿಂದ ಗಾಳಿಗೆ ಬಿತ್ತು. ಬೇವಿಗೆ ಗೆದ್ದಲಿ ಲಗೂನ ಹತ್ತಂಗಿಲ್ಲ ಅಂತ ಸಿಂಧನೂರಾಗ ಕಟ್ಟಿಗಿ ಕೊಯ್ಯೋ ಮಿಲ್ಲಿಗೆ ಒಯ್ದು ಹಲಗಿ ಮಾಡಿಸಿ, ನೆರಳಾಗ ಒಣಗಿಸಿ ಇಟ್ಟಿದ್ವಿ. ದೇವರ ಮನಿಗೆ ಅದರದ ಬಾಗ್ಲಾ ಆಗಬೇಕು ಅನ್ನೋದು ನನ್ನ ಆಸಿ. ನಮ್ಮ ಮೈದುನನ ಮಗ ಮಸ್ಕ್ಯಾಗ ಬಡಿಗತನ ಕಲ್ತು, ಒಂದು ಹಳೇ ಟೇಬಲ್ ಸಾ ಮಷಿನ್ ತಗೊಂಡಿದ್ದ. "ನಮ್ಮಜ್ಜಿ ಗಿಡ ಐತಿ ದೊಡ್ಡವ್ವ, ನಾನ ಮಾಡಿಕೊಡ್ತೀನಿ" ಅಂದ.

ಅಂಗಳದಾಗ ಮಷಿನ್ ಹೂಡಿದ. ಹಲಗಿ ಅಡ್ಡ ಕೊಯ್ಯುವಾಗ ಸೌತಿಕಾಯಿ ಕೊಯ್ದಂಗ ಹೋತು. ಉದ್ದಕ್ಕ ಸೀಳಾಕ ಹತ್ತಿದ ಕೂಡ್ಲೆ ಮಷಿನ್ ನರಳಾಕ ಹತ್ತಿತು. ಹೊಗಿ, ಸುಟ್ಟ ವಾಸನಿ, ಕಟ್ಟಿಗಿ ಅಂಚು ಕರ್ರಗ. ನಡುವ ನಿಂತ ಬಿಡೋದು. ಪಂಚಮಿಗೆ ಎಂಟ ದಿನ ಉಳಿದಿತ್ತು. ನಾನು ಶ್ಯಾಣ್ಯಾಕಿ, "ಜರಾ ಜೋರ ನೂಕಪ" ಅಂದೆ. ಅಂವ ನೂಕಿದ.

ನಾ ಚಾ ತಗೊಂಡು ಅವನ ಬೆನ್ನ ಹಿಂದ ಬರಾಕ ಹತ್ತಿದ್ದೆ. ಹಲಗಿ ಬಾಣದಂಗ ತಿರುಗಿ ಬಂತು. ಅವನ ಸೊಂಟ ಸವರಿ, ನನ್ನ ಸೆರಗಿನ ಬಾಜೂಕ ಹಾದು, ಹಿತ್ತಾಳಿ ಕೊಡಕ್ಕ ಬಡೀತು. ಕೊಡ ತಗ್ಗ ಬಿತ್ತು. ಚಾ ನೆಲಕ್ಕ. ಇಬ್ಬರಿಗೂ ಮಾತ ಹೊರಡಲಿಲ್ಲ.

ನಮ್ಮ ಓಣ್ಯಾಗ ಒಬ್ರು ಹಿರೇ ಬಡಿಗ್ಯಾರ ಅದಾರ. ಅವರನ್ನ ಕರದ್ರ ಹುಡುಗನ ಮಾನ ಹೋಗತೈತಿ ಅಂತ ಸುಮ್ಮನ ಇದ್ದೆ. ಆವತ್ತ ನಾನ ಹೋಗಿ ಕರ್ಕೊಂಡು ಬಂದೆ.

ಅವರು ಬಂದವರ ಮೊದಲ ಪ್ಲಗ್ ಕಿತ್ತಿದ್ರು. ಆಮ್ಯಾಲ ಬ್ಲೇಡಿನ ಹಲ್ಲು ಎಣಿಸು ಅಂದ್ರು. 80 ಇದ್ದವು. "ತಮ್ಮಾ, ಇದು ಪ್ಲೈವುಡ್ ಕೊಯ್ಯೋ ಬ್ಲೇಡು. ಉದ್ದಕ್ಕ ಸೀಳಾಕ 24 ಹಲ್ಲಿಂದು ಹಾಕು."

"ಅಣ್ಣಾರ, ಕೊಡ್ಲಿಗೆ ಉದ್ದಕ್ಕ ಸೀಳೋದ ಸಲೀಸಲ್ರಿ, ಗರಗಸಕ್ಕ ಯಾಕ ತ್ರಾಸು?" ಅಂತ ನಾ ಕೇಳಿದೆ.

"ಕೊಡ್ಲಿ ನಾರು ಅಗಲಿಸತೈತಿ ಅಷ್ಟ ರೀ ಅಕ್ಕಾರ. ಗರಗಸ ಕೆತ್ತಿ ಹೊರಗ ಒಗೀಬೇಕು. ಉದ್ದಕ್ಕ ಕೊಯ್ದ್ರ ಉದ್ದನ್ನ ಹೊಟ್ಟು ಬರತೈತಿ. ಹಲ್ಲಿನ ಸಂದಿ ಸಣ್ಣದಿದ್ರ ಅಲ್ಲೇ ತುಂಬಿ, ತಿಕ್ಕಾಡಿ ಕಾಯ್ತೈತಿ."

ಹಿಟ್ಟಿನ ಸಾಣಗ್ಯಾಗ ರವಾ ಸೋಸಿದಂಗ ಅನ್ರಿ. ಎಷ್ಟು ಬಡಿದ್ರೂ ಇಳಿಯಂಗಿಲ್ಲ.

ಅಲ್ಲಿಗೇ ಮುಗೀಲಿಲ್ಲ. ಹಲಗಿ ಆನಿಸೋ ಪಕ್ಕದ ಪಟ್ಟಿ ಅಳದ್ರು. ಬ್ಲೇಡಿನ ಮುಂದಿಗಿಂತ ಹಿಂದ ಒಂದೂವರಿ ಮಿಲಿಮೀಟರ್ ಕಡಿಮಿ ಇತ್ತು. ಅಂದ್ರ ಹಲಗಿ ಹೋದಂಗ ಹೋದಂಗ ಬ್ಲೇಡಿಗೆ ಒತ್ತತಿತ್ತು. ಸೀಳಿದ ಕಟ್ಟಿಗಿ ಹಿಂದ ಮತ್ತ ಕೂಡಿ ಬ್ಲೇಡ್ ಹಿಡಿಯಬಾರದಂತ ಬ್ಲೇಡಿನ ಬೆನ್ನಿಗೆ ಒಂದು ತೆಳ್ಳನ ತಗಡು ಇರಬೇಕಂತ. ಇವನ ಮಷಿನ್ನಿಗೆ ಅದ ಇರಲಿಲ್ಲ, ಕೂಡಿಸಿ ಕೊಟ್ರು. ಕಡೀಕ ವಾಯರ್ ಮುಟ್ಟಿ ನೋಡ್ರಿ ಅಂದ್ರು. ಬೆಚ್ಚಗಿತ್ತು. ತೆಳ್ಳನ ವಾಯರು, ಅದೂ ಸುರುಳಿ ಸುತ್ತಿದ್ದು, ಒಳಮನಿಯಿಂದ ಎಳದಿದ್ದ. ದಾರ್ಯಾಗ ಕರೆಂಟಿನ ಜೋರು ಕಡಿಮಿ ಆಗಿ ಮೋಟರ್ ಸೋಲತೈತಂತ. ಮಷಿನ್ ಪಡಸಾಲಿಗೆ ತಂದು ದಪ್ಪ ವಾಯರ್ ಹಾಕಿದ್ರು.

ಮೊದಲ ಮಷಿನ್ ಕೆಳಗ ಕರೀ ಹಿಟ್ಟು ಬೀಳ್ತಿತ್ತು. ಈಗ ಮುರದ ಶಾವಿಗಿ ಹಂಗ ಬಿತ್ತು. ಹಲಗಿ ತಾನ ಹೋತು, ನೂಕೋ ಕೆಲಸ ಇಲ್ಲ.

ಹುಡುಗ ತಲಿ ತಗ್ಗಿಸಿ, "ಇದೆಲ್ಲ ನನಗ ಯಾರೂ ಹೇಳಿರಲಿಲ್ಲ" ಅಂದ. ಬಡಿಗ್ಯಾರು "ನನಗೂ ಹೇಳಿರಲಿಲ್ಲಪ" ಅಂತ ಎಡಗೈ ತೋರಿಸಿದ್ರು. ತೋರ ಬೆರಳು ಅರ್ಧಕ್ಕ ಇಲ್ಲ. ಮೂವತ್ತು ವರ್ಷದಿಂದ ಅವರ ಕೈಗೆ ಚಾ ಕೊಟ್ಟೀನಿ, ಒಮ್ಮಿನೂ ಆ ಬೆರಳು ನೋಡಿರಲಿಲ್ಲ.

ಪಂಚಮಿಗೆ ಬಾಗ್ಲಾ ಆಗಲಿಲ್ಲ. ಶ್ರಾವಣದ ಕಡೀ ಸೋಮವಾರ ಕೂಡಿಸಿದ್ವಿ. ಒಂದು ಅಂಚಿನ್ಯಾಗ ಕರೀ ಕಲಿ ಇನ್ನೂ ಐತಿ, ಉಜ್ಜಿ ತಗೀಬ್ಯಾಡ ಅಂದೀನಿ.

ನಿಮ್ಮ ಮನ್ಯಾಗ ಬಡಿಗ್ಯಾರ ಕೆಲಸ ಹಚ್ಚಿದ್ರ, ಮಷಿನ್ ಬಂದ್ ಆದ ಮ್ಯಾಲ ಚಾ ಒಯ್ರಿ. ಕೊಯ್ಯೋರ ಬೆನ್ನ ಹಿಂದ ಹಾಯಬ್ಯಾಡ್ರಿ, ಹುಡುಗರನ್ನೂ ಬಿಡಬ್ಯಾಡ್ರಿ. ಮತ್ತ ಹಬ್ಬ ಬಂತಂತ ಯಾರಿಗೂ ಜೋರ ನೂಕು ಅನಬ್ಯಾಡ್ರಿ.